ಬೀಳುವ ಹಲ್ಲು ತಾನೇ ಎನ್ನಬೇಡಿ

“ಬೀಳೋ ಹಲ್ಲು ತಾನೇ, ಬಿಡಿ.” ಮಗುವಿನ ಹಾಲುಹಲ್ಲು ಕಪ್ಪಾದಾಗ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ಇದು. ಹೇಳುವವರು ಬಹುಪಾಲು ನನ್ನ ವಯಸ್ಸಿನವರೇ. ಮಾತಿನಲ್ಲಿ ಸುಳ್ಳಿಲ್ಲ, ಹಾಲುಹಲ್ಲು ಬೀಳುವುದು ನಿಜ. ಆದರೆ ಯಾವ ಹಲ್ಲು ಯಾವಾಗ ಬೀಳುತ್ತದೆ ಎಂಬ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದು ಬದುಕಿದವನು, ದಂತವೈದ್ಯನಲ್ಲ. ನಿವೃತ್ತನಾದ ಮೇಲೆ ಮೊಮ್ಮಕ್ಕಳನ್ನು ಹಲ್ಲಿನ ಡಾಕ್ಟರ ಬಳಿ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿ ಕೇಳಿ, ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಾಲುಹಲ್ಲುಗಳು ಒಟ್ಟು 20. ಮಗು ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗಲೇ ಇವುಗಳ ತಯಾರಿ ಶುರುವಾಗಿರುತ್ತದೆ. ಸುಮಾರು 6 ತಿಂಗಳಿಗೆ ಕೆಳಗಿನ ಎರಡು ಬಾಚಿಹಲ್ಲು ಇಣುಕುತ್ತವೆ, ಎರಡೂವರೆ-ಮೂರು ವರ್ಷಕ್ಕೆ ಇಪ್ಪತ್ತೂ ಬಂದಿರುತ್ತವೆ. ಎರಡು ಮೂರು ತಿಂಗಳು ಹಿಂದುಮುಂದಾದರೆ ಗಾಬರಿ ಬೇಡ. ಒಂದೂವರೆ ವರ್ಷವಾದರೂ ಒಂದು ಹಲ್ಲೂ ಕಾಣದಿದ್ದರೆ ಮಾತ್ರ ವೈದ್ಯರಿಗೆ ತೋರಿಸಿ. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲ ಎನ್ನುವವರಿದ್ದಾರೆ. ಮಾವಂದಿರು ನಿಶ್ಚಿಂತೆಯಾಗಿರಬಹುದು. ಹಲ್ಲು ಬರುವಾಗ ಜೊಲ್ಲು, ಒಸಡಿನ ನವೆ, ರಾತ್ರಿ ಹಟ ಎಲ್ಲವೂ ಸಹಜ. ಆದರೆ ಜೋರು ಜ್ವರ, ಭೇದಿ ಹಲ್ಲಿನಿಂದ ಬರುವುದಲ್ಲ. ನೆಲದ ಮೇಲಿನದನ್ನೆಲ್ಲ ಬಾಯಿಗಿಟ್ಟುಕೊಳ್ಳುವ ವಯಸ್ಸು ಅದು. “ಹಲ್ಲಿನ ಜ್ವರ, ತಾನೇ ಹೋಗುತ್ತೆ” ಎಂದು ಕಾಯುತ್ತ ಕೂರಬಾರದು.

ಇನ್ನು ಬೀಳುವ ವಿಷಯ. ಮುಂದಿನ ಬಾಚಿಹಲ್ಲುಗಳು 6ರಿಂದ 8 ವರ್ಷದೊಳಗೆ ಬೀಳುತ್ತವೆ. ಹಿಂದಿನ ಹಾಲು ದವಡೆಹಲ್ಲುಗಳು ಮಾತ್ರ 10ರಿಂದ 12 ವರ್ಷದವರೆಗೂ ಇರಬೇಕಾದವು. ಅಂದರೆ ನಾಲ್ಕು ವರ್ಷದ ಮಗುವಿನ ದವಡೆಹಲ್ಲು ಹುಳುಕಾದರೆ, ಅದು ಇನ್ನೂ ಆರೇಳು ವರ್ಷ ಅಗಿಯಬೇಕಾದ ಹಲ್ಲು.

ಒಮ್ಮೆ ಕ್ಲಿನಿಕ್ಕಿನಲ್ಲಿ ನಮ್ಮ ಸರದಿಗೆ ಕಾಯುತ್ತಿದ್ದೆ. ಒಳಗಡೆ ಆರು ವರ್ಷದ ಹುಡುಗಿ, ಕೆನ್ನೆ ಊದಿತ್ತು. ಮೂರು ದಿನದಿಂದ ಒಂದೇ ಕಡೆ ಅಗಿಯುತ್ತಿದ್ದಳಂತೆ, ರಾತ್ರಿ ನಿದ್ದೆಯಿಲ್ಲವಂತೆ. ಬಾಗಿಲು ತೆರೆದೇ ಇದ್ದುದರಿಂದ ಮಾತು ಕೇಳಿಸುತ್ತಿತ್ತು.

“ಹೆಂಗೂ ಬೀಳೋ ಹಲ್ಲಲ್ವೇನಮ್ಮಾ, ಕಿತ್ತಾಕ್ಬಿಡಿ ಅತ್ಲಾಗೆ,” ಅಂದರು ಅಜ್ಜಿ.

“ಇದು ನಾಳೆ ಬೀಳೋ ಹಲ್ಲಲ್ಲ ಅಜ್ಜಿ. ಇನ್ನೂ ನಾಲ್ಕೈದು ವರ್ಷ ಇರ್ಬೇಕು. ಉಳಿಸೋಕಾಗುತ್ತಾ ನೋಡ್ತೀನಿ. ಬಸ್ಸಲ್ಲಿ ಸೀಟಿಗೆ ಟವೆಲ್ ಹಾಕಿರ್ತಾರಲ್ಲ, ಹಾಗೆ ಅಂದ್ಕೊಳ್ಳಿ ಇದನ್ನ. ಟವೆಲ್ ತೆಗೆದ್ರೆ ಪಕ್ಕದೋರು ಸರ್ಕೊಂಡು ಕೂತ್ಬಿಡ್ತಾರೆ. ಹಕ್ಕಿನೋರು ಬಂದಾಗ ನಿಂತ್ಕೋಬೇಕು.”

ಇದಕ್ಕಿಂತ ಚೆನ್ನಾಗಿ ಯಾರೂ ವಿವರಿಸಲಾರರು. ಹಾಲುಹಲ್ಲು ಅಕಾಲದಲ್ಲಿ ಹೋದರೆ ಅಕ್ಕಪಕ್ಕದ ಹಲ್ಲುಗಳು ಆ ಸಂದಿಗೆ ವಾಲುತ್ತವೆ. ಶಾಶ್ವತ ಹಲ್ಲಿಗೆ ಜಾಗ ಸಾಲದೆ ಅದು ಸೊಟ್ಟಗೆ ಬರುತ್ತದೆ, ಇಲ್ಲವೇ ಒಳಗೇ ಸಿಕ್ಕಿಕೊಳ್ಳುತ್ತದೆ. ಕೀಳಲೇಬೇಕಾಗಿ ಬಂದರೆ ಜಾಗ ಕಾಯಲು ಒಂದು ಪುಟ್ಟ ತಂತಿಯ ಸಾಧನ ಕೂರಿಸಬಹುದು, ವೈದ್ಯರನ್ನು ಕೇಳಿ. ಹುಳುಕು ಬೇರಿಗಿಳಿದು ಕೀವಾದರೆ, ಕೆಳಗೆ ತಯಾರಾಗುತ್ತಿರುವ ಹೊಸ ಹಲ್ಲಿನ ಕವಚಕ್ಕೂ ಪೆಟ್ಟು ಬೀಳಬಹುದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮಗುವಿಗೆ 6 ವರ್ಷದ ಸುಮಾರಿಗೆ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಒಟ್ಟು ನಾಲ್ಕು ದೊಡ್ಡ ದವಡೆಹಲ್ಲು ಹುಟ್ಟುತ್ತವೆ. ಇವು ಯಾವ ಹಾಲುಹಲ್ಲಿನ ಜಾಗಕ್ಕೂ ಬರುವುದಿಲ್ಲ, ಎಲ್ಲಕ್ಕಿಂತ ಹಿಂದೆ ಹೊಸದಾಗಿ ಮೂಡುತ್ತವೆ. ಹಲ್ಲು ಅಲುಗಾಡಲಿಲ್ಲ, ರಕ್ತ ಬರಲಿಲ್ಲ, ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವ ಸಂಭ್ರಮವೂ ಇಲ್ಲ. ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ, ಇದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಹುಳುಕಾದಾಗ ಮತ್ತೆ ಅದೇ ಮಾತು: ಬೀಳೋ ಹಲ್ಲು ತಾನೇ! ಅದು ಬಿದ್ದರೆ ಮತ್ತೆ ಬರುವುದಿಲ್ಲ, ಸ್ವಾಮಿ. ಎಪ್ಪತ್ತು ವರ್ಷ ಅಗಿಯಬೇಕಾದ ಹಲ್ಲನ್ನು ಎಂಟನೇ ವರ್ಷಕ್ಕೇ ಕೀಳಿಸಿಕೊಂಡ ಮಕ್ಕಳಿದ್ದಾರೆ.

ಗುರುತಿಸುವುದು ಸುಲಭ. ಮುಂದಿನ ಎರಡು ಬಾಚಿಹಲ್ಲುಗಳ ನಡುವಿನಿಂದ ಒಂದು ಬದಿಗೆ ಎಣಿಸುತ್ತ ಹೋಗಿ. ಐದರವರೆಗೆ ಹಾಲುಹಲ್ಲಿನ ಸ್ಥಾನ, ಆರನೆಯದು ಇದು. ಆರನೇ ವರ್ಷಕ್ಕೆ ಆರನೇ ಹಲ್ಲು ಎಂದು ನೆನಪಿಟ್ಟುಕೊಳ್ಳಿ. ಇದರ ನೆತ್ತಿಯ ಮೇಲೆ ಆಳವಾದ ಗೀರುಗಳಿರುತ್ತವೆ, ಬ್ರಷ್ಷಿನ ಎಳೆ ಅಲ್ಲಿಗೆ ತಲುಪುವುದಿಲ್ಲ. ಆ ಗೀರುಗಳನ್ನು ತೆಳುವಾದ ಲೇಪದಿಂದ ಮುಚ್ಚಿಬಿಡಬಹುದು, ಸೀಲೆಂಟ್ ಎನ್ನುತ್ತಾರೆ. ಇಂಜೆಕ್ಷನ್ ಇಲ್ಲ, ಕೊರೆಯುವುದಿಲ್ಲ, ಕೆಲವೇ ನಿಮಿಷದ ಕೆಲಸ.

ಹುಳುಕಿನಲ್ಲಿ ಹುಳು ಇರುವುದಿಲ್ಲ. ಸಂತೆಯಲ್ಲಿ ಹಲ್ಲಿನ ಹುಳು ತೆಗೆದು ತೋರಿಸುತ್ತಿದ್ದವರದು ಕೈಚಳಕ. ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆಯನ್ನು ತಿಂದು ಆಮ್ಲ ಮಾಡುತ್ತವೆ, ಆಮ್ಲ ಹಲ್ಲನ್ನು ಕರಗಿಸುತ್ತದೆ. ತಾಯಿ ತನ್ನ ಬಾಯಿಗಿಟ್ಟ ಚಮಚದಲ್ಲೇ ಮಗುವಿಗೆ ತಿನ್ನಿಸಿದರೆ ಇವು ಆ ಮೂಲಕವೂ ದಾಟುತ್ತವೆ. ಹಾಲುಹಲ್ಲಿನ ಕವಚ ತೆಳು, ಹುಳುಕು ಬೇಗ ಒಳಗಿಳಿಯುತ್ತದೆ.

ಇದಕ್ಕೆ ದೊಡ್ಡ ದಾರಿ ಮಾಡಿಕೊಡುವುದು ರಾತ್ರಿಯ ಹಾಲಿನ ಬಾಟಲಿ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಬಾಯಿ ತೊಳೆಯುವವರಿಲ್ಲ. ಸಕ್ಕರೆ ಬೆರೆಸಿದ ಹಾಲು ಮೇಲಿನ ಬಾಚಿಹಲ್ಲುಗಳ ಸುತ್ತ ನಿಂತುಬಿಡುತ್ತದೆ. ಕೆಳಗಿನವಕ್ಕೆ ನಾಲಿಗೆಯ ರಕ್ಷಣೆಯಿದೆ, ಆದ್ದರಿಂದಲೇ ಇಂಥ ಮಕ್ಕಳಲ್ಲಿ ಮೇಲಿನ ನಾಲ್ಕು ಹಲ್ಲು ಕರಗಿ ಮೊಂಡಾಗಿ, ಕೆಳಗಿನವು ಚೆನ್ನಾಗಿರುತ್ತವೆ. ಮೊದಲ ಸೂಚನೆ ಕಪ್ಪಲ್ಲ, ಬಿಳುಪು: ಒಸಡಿನ ಅಂಚಿನಲ್ಲಿ ಸೀಮೆಸುಣ್ಣದಂಥ ಗೆರೆ. ತುಟಿ ಎತ್ತಿ ನೋಡಿದರೆ ಕಾಣುತ್ತದೆ. ಆ ಹಂತದಲ್ಲಿ ತೋರಿಸಿದರೆ ಕೊರೆಯದೆಯೇ ತಡೆಯಬಹುದು.

ಸಿಹಿಯೇ ಬೇಡವೆಂದು ನಾನು ಹೇಳುವುದಿಲ್ಲ, ಅಜ್ಜ ಹಾಗೆ ಹೇಳಬಾರದು. ಲೆಕ್ಕ ಎಷ್ಟು ತಿಂದರು ಎನ್ನುವುದಕ್ಕಿಂತ ಎಷ್ಟು ಸಲ ತಿಂದರು ಎನ್ನುವುದು. ಊಟದ ಜೊತೆ ಒಂದು ಮೈಸೂರು ಪಾಕ್ ತಿಂದು ನೀರು ಕುಡಿದ ಮಗುವಿಗಿಂತ, ಬೆಳಗಿನಿಂದ ಸಂಜೆಯವರೆಗೆ ಬಿಸ್ಕತ್ತು ಮೆಲ್ಲುತ್ತಿರುವ ಮಗುವಿನ ಹಲ್ಲಿಗೆ ಅಪಾಯ ಹೆಚ್ಚು.

ಮೊದಲ ಹಲ್ಲು ಕಂಡ ದಿನದಿಂದಲೇ ಉಜ್ಜಬೇಕು. 3 ವರ್ಷದವರೆಗೆ ಫ್ಲೋರೈಡ್ ಪೇಸ್ಟು ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಷ್ ತುಂಬ ಹಾಕುವುದು ಪೇಸ್ಟು ಮಾರುವುದಕ್ಕೆ. ಏಳೆಂಟು ವರ್ಷದವರೆಗೂ ದೊಡ್ಡವರೇ ನಿಂತು ಉಜ್ಜಿಸಬೇಕು. ಬೆಳಿಗ್ಗೆ ತಪ್ಪಿದರೂ ರಾತ್ರಿ ತಪ್ಪಬಾರದು.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಓದುಗರಿಗೆ ಒಂದು ಮಾತು ಬೇರೆ. ಅಲ್ಲಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅತಿಯಾಗಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಕುಡಿಯಬಾರದು. ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ಮೊದಲ ಎಂಟು ವರ್ಷ ಆ ನೀರು ಕುಡಿದ ಮಗುವಿನ ಹಲ್ಲು ಕಂದುಗಟ್ಟಿಯೇ ಹುಟ್ಟುತ್ತದೆ. ಎಷ್ಟು ಉಜ್ಜಿದರೂ ಹೋಗದು. ಅಂಥ ಮಕ್ಕಳನ್ನು ಶಾಲೆಯಲ್ಲಿ ‘ಹಲ್ಲುಜ್ಜಲ್ವಾ?’ ಎಂದು ಗದರಿಸುವುದು ಅನ್ಯಾಯ. ಕುಡಿಯಲು, ಅಡುಗೆಗೆ ಶುದ್ಧೀಕರಿಸಿದ ನೀರನ್ನೇ ಬಳಸಿ, ಪೇಸ್ಟಿನ ಬಗ್ಗೆ ವೈದ್ಯರನ್ನು ಕೇಳಿ.

ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಒಮ್ಮೆ ಹಲ್ಲಿನ ವೈದ್ಯರಿಗೆ ತೋರಿಸಬೇಕು. ಖರ್ಚಿನ ಭಯವಿದ್ದರೆ ಹತ್ತಿರದ ದಂತ ವೈದ್ಯಕೀಯ ಕಾಲೇಜಿಗೆ ಹೋಗಿ. ಅಲ್ಲಿ ಮಕ್ಕಳದ್ದೇ ಪ್ರತ್ಯೇಕ ವಿಭಾಗವಿರುತ್ತದೆ, ಶುಲ್ಕವೂ ಕಡಿಮೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುವ ತಂಡ ಹಲ್ಲನ್ನೂ ನೋಡುತ್ತದೆ. ಆ ದಿನ ಮಗುವನ್ನು ತಪ್ಪಿಸಬೇಡಿ, ಆರನೇ ಹಲ್ಲು ಹೇಗಿದೆ ಎಂದು ನೀವೇ ಬಾಯಿಬಿಟ್ಟು ಕೇಳಿ.