ಕೌನ್ಸೆಲರ್ ಮೇಡಂ, ಆ ಫಾರ್ಮ್ ಡಿಲೀಟ್ ಮಾಡೋ ಮುಂಚೆ

ಶಾಲೆಯಲ್ಲಿ ಕೌನ್ಸೆಲರ್ ಆಗಿದ್ದೀರಾ? ಹಾಗಿದ್ರೆ ವಾಟ್ಸಾಪ್‌ಗೆ ಒಂದು ಗೂಗಲ್ ಫಾರ್ಮ್ ಬಂದೇ ಇರುತ್ತೆ: "ಪಿಎಚ್‌ಡಿ ಸಂಶೋಧನೆಗೆ ದಯವಿಟ್ಟು ಸಹಕರಿಸಿ." ಆಮೇಲೆ ನೋಡೋಣ ಅಂತ ಬಿಟ್ಟು ಮರೆತಿರ್ತೀರಿ.

ಸ್ವಲ್ಪ ತಡೀರಿ. 250 ಮಕ್ಕಳಿಗೆ ಒಬ್ಬ ಕೌನ್ಸೆಲರ್ ಇರಬೇಕು ಅನ್ನೋದು ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘದ ಶಿಫಾರಸು. ಅಲ್ಲಿನ ಅಧ್ಯಯನ ಓದಿ ಇಲ್ಲಿಗೆ ನಿಯಮ ಮಾಡಿದ್ರೆ ಹೊಂದುತ್ತಾ? ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರ ಹೇಗಿರುತ್ತೆ, ಮೇಷ್ಟ್ರು ರಜೆ ಹಾಕಿದಾಗ ಅವರ ಪೀರಿಯಡ್ ಯಾರ ತಲೆಗೆ ಬೀಳುತ್ತೆ, "ನನ್ನ ಮಗನಿಗೇನು ಹುಚ್ಚಾ?" ಅಂತ ಸಿಡುಕುವ ಅಪ್ಪನಿಗೆ ಏನು ಹೇಳಬೇಕು, ಇವೆಲ್ಲ ಗೊತ್ತಿರೋದು ನಿಮಗೆ. ನೀವು ಉತ್ತರಿಸದಿದ್ರೆ ಇದು ಸಂಶೋಧನೆಗೆ ಸೇರೋದು ಹೇಗೆ?

ಹಾಗಂತ ಬಂದದ್ದಕ್ಕೆಲ್ಲ ಹೂಂ ಅನ್ನಬೇಡಿ. ಎಥಿಕ್ಸ್ ಕಮಿಟಿ ಒಪ್ಪಿಗೆ ಸಿಕ್ಕಿದೆಯಾ ಅಂತ ಮೊದಲು ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಭಾಗವಹಿಸೋದು ನಿಮ್ಮಿಷ್ಟ, ಯಾವಾಗ ಬೇಕಾದ್ರೂ ಹೊರಬರಬಹುದು. ಹೆಡ್‌ಮಾಸ್ಟರ್ ಹೇಳಿದ್ರು ಅಂತ ಹಾಕೋ ಸಹಿಗೆ ಒಪ್ಪಿಗೆ ಅಂತ ಹೆಸರಿಡೋಕಾಗಲ್ಲ.

ನಿಮ್ಮ ಅನುಭವ ಹೇಳಿ, ಮಗುವಿನ ಕಥೆ ಬೇಡ. ಹೆಸರು ತೆಗೆದ್ರೂ ಸಣ್ಣೂರಲ್ಲಿ "ಒಂಬತ್ತನೇ ಕ್ಲಾಸು, ತಾಯಿ ಇಲ್ಲದ ಹುಡುಗಿ" ಅಂದ್ರೆ ಸಾಕು, ಯಾರು ಅಂತ ಗೊತ್ತಾಗಿಬಿಡುತ್ತೆ. ಮಕ್ಕಳನ್ನೇ ಮಾತಾಡಿಸ್ಬೇಕು ಅಂದ್ರೆ ಪೋಷಕರ ಒಪ್ಪಿಗೆ ಬೇಕು, ಮಗುವೂ ಹೂಂ ಅನ್ನಬೇಕು.

ಸಂಶೋಧಕರೇ, ನಿಮಗೂ ಒಂದು ಮಾತು. ಪರೀಕ್ಷೆ ತಿಂಗಳಲ್ಲಿ ಫಾರ್ಮ್ ಕಳಿಸಬೇಡಿ. ಪ್ರಶ್ನೆಗಳು ಕನ್ನಡದಲ್ಲೂ ಇರಲಿ. ಕೊನೆಗೆ ಏನು ಕಂಡುಕೊಂಡ್ರಿ ಅನ್ನೋದನ್ನ, ಉತ್ತರ ಕೊಟ್ಟವರಿಗೂ ತಿಳಿಸಿ.