ಚಕ್ರ ತಿಂದ ಟೈರು: ಒಂದು ಪುಟ್ಟ ರೇಸ್ ಕಾರಿನ ಕೆಮಿಸ್ಟ್ರಿ

ಇವತ್ತಿನ ಕಂತನ್ನ ಒಂದು ಜಾಮಿಟ್ರಿ ಬಾಕ್ಸಿನಿಂದ ಶುರು ಮಾಡೋಣ. ಬೇಸಿಗೆ ರಜೆ ಮುಗಿಸಿ ಶಾಲೆಗೆ ಹೊರಟ ದಿನ, ಎರಡು ತಿಂಗಳು ಮುಚ್ಚಿಟ್ಟಿದ್ದ ಬಾಕ್ಸ್ ತೆಗೆದರೆ ರಬ್ಬರು ಹೋಗಿ ಪ್ಲಾಸ್ಟಿಕ್ ಸ್ಕೇಲಿಗೆ ಅಂಟಿಕೊಂಡಿರುತ್ತಿತ್ತು, ನೆನಪಿದೆಯಾ? ಕಿತ್ತರೆ ಸ್ಕೇಲಿನ ಮೇಲೆ ಒಂದು ಗುಳಿ. ಆರು, ಏಳು ಸೆಂಟಿಮೀಟರಿನ ಗೆರೆಗಳೇ ಮಾಯ. ಬಿಸಿಲಿಗೆ ಕರಗಿದೆ ಅಂದುಕೊಂಡು ಸುಮ್ಮನಾಗುತ್ತಿದ್ದೆವು. ಬಿಸಿಲಿನ ಪಾಲೂ ಸ್ವಲ್ಪ ಇತ್ತು ಅನ್ನಿ. ಆದರೆ ಸ್ಕೇಲನ್ನು ಕರಗಿಸಿದ್ದು ಆ ರಬ್ಬರೇ.

ಅದು ಹೇಗೆ ಅನ್ನೋದು ನನಗೆ ಸರಿಯಾಗಿ ಅರ್ಥವಾಗಿದ್ದು ಇಲ್ಲಿ, ಮಲೇಷ್ಯಾದಲ್ಲಿ, ಒಂದು ಆಟಿಕೆ ಕಾರಿನಿಂದ. ಆಟಿಕೆ ಅಂದರೆ ಪಕ್ಕದ ಮನೆ ಅಂಕಲ್‌ಗೆ ಬೇಜಾರಾಗುತ್ತೆ. ಅದು ಸ್ಕೇಲ್ ಮಾಡೆಲ್. (ಇಲ್ಲಿ ಹಿರಿಯರನ್ನೆಲ್ಲ ಅಂಕಲ್, ಆಂಟಿ ಅಂತಲೇ ಕರೆಯೋದು, ನಮ್ಮೂರ ಹಾಗೇ.) ನಾನಿರೋದು ಕ್ವಾಲಾಲಂಪುರದ ಪಕ್ಕದ ಪೆಟಾಲಿಂಗ್ ಜಯದಲ್ಲಿ. ಒಂದು ಭಾನುವಾರ ಅಂಕಲ್ ಒಂದು ಹಳೆಯ ರಟ್ಟಿನ ಡಬ್ಬ ತಂದು ನಮ್ಮ ಊಟದ ಮೇಜಿನ ಮೇಲಿಟ್ಟು ಕೇಳಿದರು: “ನೀನು ಲ್ಯಾಬಿನಲ್ಲಿ ಕೆಲಸ ಮಾಡೋದಲ್ವಾ? ಇದನ್ನ ಸರಿ ಮಾಡೋಕೆ ಆಗುತ್ತಾ?”

ಡಬ್ಬದಲ್ಲಿದ್ದದ್ದು 1960ರ ದಶಕದ ಅಮೆರಿಕದ ಒಂದು ಡ್ರಾಗ್ ರೇಸ್ ಕಾರಿನ ಮಾದರಿ, 1:25 ಅಳತೆಯದ್ದು, ಅರ್ಧ ಕಟ್ಟಿದ್ದು. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಅವರ ಅಣ್ಣ 1974ರಲ್ಲಿ ತಂದದ್ದಂತೆ. ಇಂಜಿನ್ನು, ಚೌಕಟ್ಟು, ಹಿಂದಿನ ಒಂದು ಚಕ್ರ ಇಷ್ಟನ್ನು ಜೋಡಿಸಿ ಮತ್ತೆ ಹಡಗು ಹತ್ತಿದರು. ಮುಗಿಸೋಕೆ ಆಗಲೇ ಇಲ್ಲ. ಅಣ್ಣ ಈಗಿಲ್ಲ. ಡಬ್ಬ ಮಾತ್ರ ಸುಮಾರು 50 ವರ್ಷ ಅಲ್ಮೇರಾ ಮೇಲಿತ್ತು.

ಮೊದಲು ಆ ಕಾರಿನ ಬಗ್ಗೆ ಎರಡು ಮಾತು. ಡ್ರಾಗ್ ರೇಸ್ ಅಂದರೆ ನೇರ ರಸ್ತೆಯಲ್ಲಿ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್, ಇಬ್ಬರಲ್ಲಿ ಯಾರು ಮೊದಲು ಮುಟ್ಟುತ್ತಾರೆ ಅನ್ನೋದು. ಇಲ್ಲಿ ಸೆಪಾಂಗ್‌ನಲ್ಲೂ ಇದು ನಡೆಯುತ್ತೆ. ಆ ಕಾಲದ ಕಾರುಗಳಿಗೆ ಸ್ಲಿಂಗ್‌ಶಾಟ್ ಅನ್ನೋ ಹೆಸರಿತ್ತು. ಉದ್ದನೆಯ ಕೊಳವೆಗಳ ಚೌಕಟ್ಟು, ಮುಂದೆ ಸೈಕಲ್ಲಿನದರಂಥ ಸಣಕಲು ಚಕ್ರ, ಹಿಂದೆ ಅಗಲವಾದ ನುಣುಪು ಟೈರು. ಡ್ರೈವರ್ ಕೂರೋದು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ, ಕವಣೆಯಲ್ಲಿ ಕಲ್ಲಿಟ್ಟ ಹಾಗೆ. ಭಾರ ಹಿಂದಿನ ಟೈರಿನ ಮೇಲೆ ಬಿದ್ದಷ್ಟೂ ಹಿಡಿತ ಜಾಸ್ತಿ. 1964ರಲ್ಲಿ ಡಾನ್ ಗಾರ್ಲಿಟ್ಸ್ ಇಂಥದ್ದೇ ಕಾರಿನಲ್ಲಿ ಗಂಟೆಗೆ 200 ಮೈಲಿ ದಾಟಿದರು. ಕಾಲು ಮೈಲಿ ಓಡೋಕೆ 8 ಸೆಕೆಂಡೂ ಬೇಕಾಗಲಿಲ್ಲ. 1970ರ ಮಾರ್ಚ್‌ನಲ್ಲಿ ಅವರ ಕಾಲ ನಡುವೆ ಇದ್ದ ಗೇರ್‌ಬಾಕ್ಸ್ ಸಿಡಿದು ಬಲಪಾದದ ಒಂದು ಭಾಗ ಹೋಯಿತು. ಆಮೇಲೆ ಅವರು ಇಂಜಿನ್ನನ್ನು ಬೆನ್ನ ಹಿಂದಿಟ್ಟು ಕಾರು ಕಟ್ಟಿ 1971ರಲ್ಲಿ ಗೆದ್ದರು. ಕೆಲವೇ ವರ್ಷಗಳಲ್ಲಿ ಸ್ಲಿಂಗ್‌ಶಾಟ್‌ಗಳ ಕಾಲ ಮುಗಿಯಿತು. ಅಣ್ಣ ಡಬ್ಬ ಕೊಳ್ಳುವಾಗಲೇ ಅದು ಹಳೇ ಕಾಲದ ಕಾರು.

ಈಗ ಡಬ್ಬದೊಳಕ್ಕೆ ಬರೋಣ. ಅಣ್ಣ ಜೋಡಿಸಿದ್ದ ಹಿಂದಿನ ಚಕ್ರವನ್ನ ಟೈರು ತಿಂದುಹಾಕಿತ್ತು. ಬೇರೆ ಮಾತೇ ಸಿಗುತ್ತಿಲ್ಲ ನನಗೆ. ಟೈರು ತಾಗಿದ್ದಲ್ಲೆಲ್ಲ ಚಕ್ರ ಬೆಣ್ಣೆಯ ಹಾಗೆ ಮೆತ್ತಗಾಗಿ, ಕುಸಿದು, ಅಂಟಂಟಾಗಿತ್ತು. ಇನ್ನೂ ಜೋಡಿಸದೆ ಇಟ್ಟಿದ್ದ ಇನ್ನೊಂದು ಟೈರು ಕಾರಿನ ಮೈಯ ಮೇಲೆ ಒರಗಿ ಬಿದ್ದಿತ್ತು. ಅದನ್ನೆತ್ತಿದರೆ ಕೆಳಗೆ ಅರ್ಧಚಂದ್ರದ ಆಕಾರದ ಗುಳಿ. ನಮ್ಮ ಜಾಮಿಟ್ರಿ ಬಾಕ್ಸಿನ ಕಥೆಯೇ.

ಕಾರಣ ಇದು. ಮಾದರಿಯ ಮೈ, ಚಕ್ರ ಎಲ್ಲ ಪಾಲಿಸ್ಟೈರೀನ್. ಲ್ಯಾಬಿನಲ್ಲಿ ನಾನು ದಿನಾ ಮುಟ್ಟುವ ಪೆಟ್ರಿ ತಟ್ಟೆಗಳೂ ಅದೇ ಪ್ಲಾಸ್ಟಿಕ್. ಟೈರು ಮಾತ್ರ ಪಿವಿಸಿ. ಪಿವಿಸಿ ತನ್ನಷ್ಟಕ್ಕೆ ಗಟ್ಟಿ ವಸ್ತು, ನೀರಿನ ಪೈಪು ನೋಡಿದೀರಲ್ಲ. ಅದನ್ನ ಟೈರಿನ ಹಾಗೆ ಬಾಗಿಸಬೇಕಾದರೆ ಎಣ್ಣೆಯಂಥ ಒಂದು ದ್ರವ ಬೆರೆಸಬೇಕು. ಅದಕ್ಕೆ ಪ್ಲಾಸ್ಟಿಸೈಜರ್ ಅಂತಾರೆ. ಥ್ಯಾಲೇಟ್ ಅನ್ನೋ ಗುಂಪಿನವು ಬಹಳ ಬಳಕೆಯಲ್ಲಿದ್ದವು. ಚಪಾತಿ ಹಿಟ್ಟಿಗೆ ಎಣ್ಣೆ ಹಾಕಿ ನಾದಿದ ಹಾಗೆ, ಈ ಅಣುಗಳು ಪಾಲಿಮರ್ ಸರಪಳಿಗಳ ಮಧ್ಯೆ ಕೂತು ಅವು ಒಂದರ ಮೇಲೊಂದು ಜಾರುವ ಹಾಗೆ ಮಾಡುತ್ತವೆ. ಆದರೆ ಸರಪಳಿಗೂ ಅವಕ್ಕೂ ರಾಸಾಯನಿಕ ಬಂಧ ಇಲ್ಲ. ಬಾಡಿಗೆಗೆ ಇದ್ದವರ ಹಾಗೆ, ಬೇರೆ ಜಾಗ ಸಿಕ್ಕರೆ ಹೊರಟೇಬಿಡುತ್ತವೆ. ಪಾಲಿಸ್ಟೈರೀನ್ ತಾಗಿತು ಅನ್ನಿ, ಅದರೊಳಕ್ಕೆ ಇಳಿದು ಅಲ್ಲೂ ಮೆತ್ತಗೆ ಮಾಡುವ ಅದೇ ಕೆಲಸ ಶುರು.

ಆಸ್ಪತ್ರೆಯ ರಕ್ತದ ಚೀಲವೂ ಬಹಳ ಕಾಲದಿಂದ ಪಿವಿಸಿಯದ್ದೇ. ಅಲ್ಲೂ ಥ್ಯಾಲೇಟ್ ಚೀಲ ಬಿಟ್ಟು ರಕ್ತಕ್ಕೆ ಇಳಿಯುತ್ತೆ. ವಿಚಿತ್ರ ಅಂದರೆ ಅದು ಕೆಂಪು ರಕ್ತಕಣಗಳ ಪೊರೆಯಲ್ಲಿ ಸೇರಿ ಅವು ಬೇಗ ಒಡೆಯದಂತೆ ತಡೆಯುತ್ತೆ. ಅದರ ಆರೋಗ್ಯದ ಅಪಾಯಗಳ ಚರ್ಚೆ ಬೇರೆ ಇದೆ, ಅದು ಇನ್ನೊಂದು ಕಂತಿಗೆ. ಇತ್ತ ಮ್ಯೂಸಿಯಂನವರಿಗೆ ಪಿವಿಸಿ ದೊಡ್ಡ ತಲೆನೋವು. ಹಳೇ ಗೊಂಬೆಗಳ ಕಾಲು ಅಂಟಂಟಾಗೋದೂ ಇದೇ ಕಾರಣಕ್ಕೆ.

ನಿಜವಾದ ಟೈರು ಹೀಗೆ ಮಾಡಲ್ಲವಲ್ಲ? ನಿಜವಾದ ಟೈರು ರಬ್ಬರು. ಗಂಧಕ ಸೇರಿಸಿ ಕಾಯಿಸಿದಾಗ ಅದರ ಸರಪಳಿಗಳಿಗೆ ಒಂದಕ್ಕೊಂದು ಗಟ್ಟಿ ಕೊಂಡಿ ಬೀಳುತ್ತೆ. ಇದೇ ವಲ್ಕನೀಕರಣ. ಮೃದುತ್ವ ಸರಪಳಿಯಲ್ಲೇ ಇದೆ, ಬಾಡಿಗೆಯವರನ್ನು ಅಷ್ಟಾಗಿ ನೆಚ್ಚಬೇಕಿಲ್ಲ. ಮೇಲಾಗಿ ಚಕ್ರವೂ ಲೋಹ. 1877ರಲ್ಲಿ 22 ರಬ್ಬರ್ ಸಸಿಗಳು ಲಂಡನ್ನಿನ ಕ್ಯೂ ತೋಟದಿಂದ ಸಿಂಗಾಪುರಕ್ಕೆ ಬಂದವು. ಅದರಲ್ಲಿ ಕೆಲವನ್ನು ಇಲ್ಲಿನ ಪೆರಾಕ್ ಪ್ರಾಂತ್ಯದ ಕ್ವಾಲಾ ಕಾಂಗ್ಸಾರ್‌ನಲ್ಲಿ ನೆಟ್ಟರು. ಆಮೇಲೆ ಜಗತ್ತಿನ ಟೈರುಗಳಿಗೆ ರಬ್ಬರು ಕೊಟ್ಟ ನಾಡು ಇದು. ಅಂಥ ನಾಡಿನ ಒಂದು ಅಲ್ಮೇರಾದ ಮೇಲೆ, ಒಂದು ಹನಿ ರಬ್ಬರೂ ಇಲ್ಲದ ಟೈರು 50 ವರ್ಷ ಕೂತು ಚಕ್ರ ತಿಂದಿದೆ!

ಇಷ್ಟಕ್ಕೇ ಮುಗಿಯಲಿಲ್ಲ. ಇಲ್ಲಿ ಅಳತೆಯ ಒಂದು ಲೆಕ್ಕವೂ ಇದೆ. 1:25 ಅಂದರೆ ಎಲ್ಲವೂ 25 ಪಟ್ಟು ಚಿಕ್ಕದು ಅಂತ ಅಂದುಕೊಳ್ಳುತ್ತೇವೆ. ಉದ್ದ ಮಾತ್ರ ಚಿಕ್ಕದಾಗುತ್ತೆ, ಅಣುಗಳು ಚಿಕ್ಕದಾಗಲ್ಲ. ವಿಸರಣೆಯಿಂದ ಒಂದು ಅಣು ಸಾಗೋಕೆ ಬೇಕಾದ ಸಮಯ ದೂರದ ವರ್ಗಕ್ಕೆ ತಕ್ಕಂತೆ ಬದಲಾಗುತ್ತೆ. ದೂರ 25 ಪಟ್ಟು ಕಮ್ಮಿಯಾದರೆ ಸಮಯ 625 ಪಟ್ಟು ಕಮ್ಮಿ. ಅಂದರೆ ದೊಡ್ಡ ಕಾರನ್ನೂ ಇದೇ ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದರೆ 625 ವರ್ಷ ಬೇಕಾಗುತ್ತಿದ್ದ ಹಾಳು ಈ ಪುಟ್ಟ ಕಾರಿಗೆ ಒಂದೇ ವರ್ಷದಲ್ಲಿ. ಜೀವಶಾಸ್ತ್ರದಲ್ಲಿ ಇದು ನಮಗೆ ಹಳೇ ಪಾಠ. ಬ್ಯಾಕ್ಟೀರಿಯಾಗೆ ಹೃದಯ ಬೇಕಿಲ್ಲ, ವಿಸರಣೆಯೇ ಸಾಕು. ಆನೆಗೆ ಹೃದಯ ಬೇಕೇ ಬೇಕು. ಚಿಕ್ಕದಕ್ಕೆ ಎಲ್ಲವೂ ಬೇಗ ಮುಟ್ಟುತ್ತೆ, ಒಳ್ಳೆಯದೂ ಕೆಟ್ಟದ್ದೂ. ಇನ್ನು ಇಲ್ಲಿಯ ಸೆಕೆ ಗೊತ್ತಲ್ಲ, ವರ್ಷವಿಡೀ ಮಂಗಳೂರಿನ ಏಪ್ರಿಲ್. ಬಿಸಿ ಹೆಚ್ಚಿದಷ್ಟೂ ಅಣುಗಳ ಓಡಾಟ ಚುರುಕು. ಡಬ್ಬದಲ್ಲಿಟ್ಟರೆ ಭದ್ರ ಅನ್ನೋದು ನಮ್ಮ ನಂಬಿಕೆ ಅಷ್ಟೇ.

ಸರಿ, ಕಟ್ಟಿ ಮುಗಿಸೋಣ ಅಂತ ನಾನೂ ಅಂಕಲ್ಲೂ ನಿರ್ಧಾರ ಮಾಡಿದೆವು. ಆಮೇಲೆ ಅಳತೆಯ ತಮಾಷೆ ಒಂದೊಂದಾಗಿ ಎದುರಾಯಿತು. ನಿಜವಾದ ಕಾರಿನ ಅಲ್ಯೂಮಿನಿಯಂ ಮೈ ಸುಮಾರು 1 ಮಿಲಿಮೀಟರ್ ದಪ್ಪ. ಮಾದರಿಯ ಪ್ಲಾಸ್ಟಿಕ್ ಕೂಡ ಸುಮಾರು 1 ಮಿಲಿಮೀಟರ್. ಅಳತೆಗೆ ಹಿಗ್ಗಿಸಿ ನೋಡಿದರೆ ಅದು 25 ಮಿಲಿಮೀಟರ್, ಕೋಟೆ ಗೋಡೆ ಇದ್ದ ಹಾಗೆ. ಕಣ್ಣಿಗೆ ಕಾಣುವ ಅಂಚುಗಳನ್ನ ಮಾತ್ರ ಒಳಗಿನಿಂದ ಉಜ್ಜಿ ತೆಳು ಮಾಡಿದೆವು. ಸ್ಪಾರ್ಕ್ ಪ್ಲಗ್ಗಿನ ವೈರು ನಿಜದಲ್ಲಿ 7-8 ಮಿಲಿಮೀಟರ್, ಇಲ್ಲಿ 0.3. ಮೋಟರ್ ಕಾಯಿಲ್ ಸುತ್ತುವ ತಂತಿ ತಂದು, ಎಂಟು ಸಿಲಿಂಡರಿಗೆ ಎಂಟು ತುಂಡು ಕತ್ತರಿಸಿದೆವು. ಬಣ್ಣದ ಪದರ 0.1 ಮಿಲಿಮೀಟರ್ ಆದರೂ ಅಳತೆಗೆ ಎರಡೂವರೆ ಮಿಲಿಮೀಟರ್. ದಪ್ಪ ಬಳಿದರೆ ಗೆರೆ, ಮೊಳೆ ಎಲ್ಲ ಮುಚ್ಚಿಹೋಗುತ್ತೆ.

ಬಣ್ಣ ಹೊಡೆದ ಮೊದಲ ದಿನವೇ ಮೈಯೆಲ್ಲ ಬೂದಿ ಬಳಿದ ಹಾಗೆ ಬೆಳ್ಳಗಾಯಿತು. ತಪ್ಪು ನನ್ನದೇ. ಹೊರಗೆ ಮಳೆ ಬಂದು ನಿಂತಿತ್ತು. ಲ್ಯಾಕರ್ ಬಣ್ಣದ ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತೆ, ಗಾಳಿಯ ತೇವ ಅಲ್ಲಿ ಮಂಜಾಗಿ ಕೂತು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತೆ. ಬೆವರು ಆರುವಾಗ ಮೈ ತಣ್ಣಗಾಗುತ್ತಲ್ಲ, ಅದೇ ತತ್ವ. ಆಮೇಲಿಂದ ಎಸಿಯನ್ನ ಒಂದು ಗಂಟೆ ಒಣಗಿಸುವ ಮೋಡಿನಲ್ಲಿಟ್ಟು ಬಣ್ಣ ಹೊಡೆಯೋಕೆ ಕಲಿತೆವು.

ಟೈರಿಗೆ ಉಪಾಯ ಏನು? ಕೆಲವು ರಬ್ಬರಿಗೆ ಕಾಗದದ ಕವಚ ಹಾಕಿರುತ್ತಾರಲ್ಲ, ಸ್ಕೇಲಿಗೆ ತಾಗದಿರಲಿ ಅಂತ, ಅದೇ ಉಪಾಯ. ಹೊಸ ಚಕ್ರ ಮತ್ತು ಟೈರಿನ ಮಧ್ಯೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ಒಂದು ಪಟ್ಟಿ ಸುತ್ತಿದೆವು. ಲೋಹವನ್ನು ದಾಟಿ ಆ ಅಣುಗಳು ಹೋಗಲ್ಲ. ಚಕ್ರದ ಮೇಲೆ ಮೊದಲೇ ಹೊಳಪಿನ ಲೇಪ ಇರುತ್ತೆ, ನಿಜ. ಅದು ತೀರಾ ತೆಳು, ಅಂಟು ಹಚ್ಚೋಕೆ ಅಂತ ಹೆರೆದ ಜಾಗದಲ್ಲಿ ಅದೂ ಇರಲ್ಲ.

ಕೊನೆಗೆ ಉಳಿದದ್ದು ಕಾರಿನ ಮೈ. ಅರ್ಧಚಂದ್ರದ ಗುಳಿಯನ್ನ ಪುಟ್ಟಿ ಹಾಕಿ ತುಂಬಿದೆ. ಅದರ ಪಕ್ಕದಲ್ಲೇ ಇನ್ನೊಂದು ಕಲೆ ಇತ್ತು. ಉಜ್ಜುಕಾಗದ ಹಿಡಿದು ಲೆನ್ಸಿನಲ್ಲಿ ನೋಡಿದರೆ, ಅದು ಹೆಬ್ಬೆಟ್ಟಿನ ಗುರುತು. ಒಂದೊಂದು ಗೆರೆಯೂ ಸ್ಪಷ್ಟ. ಮಾಡೆಲ್ ಅಂಟು ನಿಜಕ್ಕೂ ಅಂಟಲ್ಲ, ಪಾಲಿಸ್ಟೈರೀನ್ ಕರಗಿಸುವ ದ್ರಾವಕ. ಎರಡು ತುಂಡಿನ ಅಂಚು ಕರಗಿ ಸರಪಳಿಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ದ್ರಾವಕ ಆವಿಯಾಗಿ ಹೋದ ಮೇಲೆ ಎರಡೂ ಒಂದೇ ತುಂಡು. ಅಣ್ಣ ಆ ಅಂಟು ತಾಗಿದ ಹೆಬ್ಬೆಟ್ಟಿನಿಂದ ಮೈಯನ್ನ ಹಿಡಿದುಕೊಂಡಿದ್ದಾರೆ.

ನೋಡಿ, ಎರಡೂ ಕಡೆ ನಡೆದದ್ದು ಒಂದೇ ಕೆಲಸ. ಸಣ್ಣ ಅಣುಗಳು ಪಾಲಿಸ್ಟೈರೀನಿನೊಳಗೆ ನುಗ್ಗಿ ಅದನ್ನ ಮೆತ್ತಗೆ ಮಾಡಿದ್ದು. ಅಂಟಿನ ಅಣು ಬಂದು, ಮೆತ್ತಗೆ ಮಾಡಿ, ಹೊರಟುಹೋಯಿತು. ಅದಕ್ಕೇ ಕಾರು ಕೂಡಿತು, ಗುರುತು ಉಳಿಯಿತು. ಟೈರಿನ ಅಣು ಬಂದದ್ದು ಅಲ್ಲೇ ಉಳಿಯಿತು. ಅದಕ್ಕೇ ಚಕ್ರ ಮತ್ತೆ ಗಟ್ಟಿಯಾಗಲೇ ಇಲ್ಲ.

ಇದನ್ನ ಅಂಕಲ್‌ಗೆ ವಿವರಿಸಿ, “ಉಜ್ಜಿಬಿಡಲಾ? ಮೇಲೆ ಬಣ್ಣ ಚೆನ್ನಾಗಿ ಕೂರುತ್ತೆ” ಅಂತ ಕೇಳಿದೆ. ಅವರು ಲೆನ್ಸ್ ಇಸ್ಕೊಂಡು ಬಹಳ ಹೊತ್ತು ನೋಡಿದರು. “ಅದನ್ನ ಮುಟ್ಬೇಡ” ಅಂದರು. “ಚಕ್ರ ಹೊಸದು ಹಾಕಿದ್ದು ಆಯ್ತು. ಇದು ಇರಲಿ.”

ಹಾಗಾಗಿ ಆ ಮಗ್ಗುಲಿಗೆ ತೀರಾ ತೆಳುವಾಗಿ ಒಂದೇ ಒಂದು ಪದರ ಬಣ್ಣ ಹೊಡೆದೆವು. ಕಾರು ಈಗ ಅವರ ಮನೆಯ ಗಾಜಿನ ಕಪಾಟಿನಲ್ಲಿದೆ. ಬೆಳಕು ಓರೆಯಾಗಿ ಬಿದ್ದಾಗ ಕೆಂಪು ಬಣ್ಣದ ಕೆಳಗೆ ಗೆರೆಗಳು ಕಾಣುತ್ತವೆ.

ನಿಮ್ಮ ಮನೆಯ ಅಟ್ಟದಲ್ಲೂ ಹಳೇ ಮಾಡೆಲ್ ಡಬ್ಬ ಇದ್ದರೆ ಇವತ್ತೇ ತೆಗೆದು ನೋಡಿ. ಟೈರುಗಳನ್ನ ಬೇರೆ ಪಾಲಿಥೀನ್ ಚೀಲದಲ್ಲಿಡಿ, ಡಬ್ಬವನ್ನ ತಂಪಾದ ಜಾಗದಲ್ಲಿಡಿ. ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿ ರಬ್ಬರಿನ ಕವಚ ಕಿತ್ತುಹೋಗಿದ್ದರೆ ಒಂದು ಚೂರು ಕಾಗದ ಸುತ್ತಿಕೊಡಿ.