ಮಾತಿಗಾಗಿ ಕಾಯುವ ಮೌನ

ಬೆಂಚುಗಳನ್ನು ಎದುರುಬದುರಾಗಿ ಹಾಕಿರುತ್ತಾರೆ. ವೇದಿಕೆ ಇರುವುದಿಲ್ಲ, ಪಾದ್ರಿಯೂ ಇರುವುದಿಲ್ಲ. ಮಕ್ಕಳು, ಮೇಷ್ಟ್ರುಗಳು ಒಟ್ಟಿಗೇ ಬಂದು ಕೂರುತ್ತಾರೆ. ಗುಸುಗುಸು ತಾನಾಗಿ ಅಡಗುತ್ತದೆ. ಒಬ್ಬ ಶೂ ದಾರ ತಿರುಚುತ್ತಿದ್ದರೆ, ಇನ್ನೊಬ್ಬಳ ಕಣ್ಣು ಕಿಟಕಿಯಾಚೆ. ಆಮೇಲೆ ಒಂದು ಮಗು ಎದ್ದು ನಿಂತು, ಅಜ್ಜಿಗೆ ಹುಷಾರಿಲ್ಲ ಎಂದಷ್ಟೇ ಹೇಳಿ ಕೂರಬಹುದು. ಅಯ್ಯೋ ಪಾಪ ಅನ್ನಲು ಯಾರೂ ಅವಸರಪಡುವುದಿಲ್ಲ. ಆ ಮಾತನ್ನು ಎಲ್ಲರೂ ಒಂದಷ್ಟು ಹೊತ್ತು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಯಾರೂ ಬಾಯಿ ಬಿಡದೆ ಸಭೆ ಮುಗಿಯುವುದೂ ಉಂಟು.

ಬ್ರಿಟನ್, ಅಮೆರಿಕಗಳಲ್ಲಿ ಕ್ವೇಕರರೆಂಬ ಕ್ರೈಸ್ತ ಪಂಗಡದವರ ಶಾಲೆಗಳಲ್ಲಿ ಇದು ಓದು, ಆಟದಷ್ಟೇ ಸಹಜವಾದ ರೂಢಿ. ಅಲ್ಲಿ ಕಲಿಯುವ ಹೆಚ್ಚಿನ ಮಕ್ಕಳು ಕ್ವೇಕರರಲ್ಲ. ಆದರೂ ಮೌನಸಭೆ ಎಲ್ಲರಿಗೂ ಸೇರಿದ್ದು.

‘ಕೈ ಕಟ್, ಬಾಯ್ ಮುಚ್’ ಎಂಬ ಕೂಗು ಕೇಳಿಕೊಂಡು ಬೆಳೆದ ಕನ್ನಡದ ಓದುಗರಿಗೆ ಶಾಲೆಯ ಮೌನ ಎಂದರೆ ಬೆತ್ತದ ನೆನಪು. ಕ್ವೇಕರರ ಮೌನದ ಗುಣವೇ ಬೇರೆ. ಅದು ಮಾತನ್ನು ಅದುಮುವುದಿಲ್ಲ, ಮಾತು ಬರಲೆಂದು ಕಾಯುತ್ತದೆ. ಮಗುವಿನ ಮನಸ್ಸಿಗೆ ಈ ಶಾಲೆಗಳು ಕೊಡುವ ದೊಡ್ಡ ಆಸರೆ ಇದೇ.

ಇದರ ಬೇರು ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿದೆ. ಪ್ರತಿ ಮನುಷ್ಯನೊಳಗೂ ದೇವರ ಅಂಶವಿದೆ, ಅದನ್ನು ಕಾಣಲು ಪುರೋಹಿತ ಬೇಕಿಲ್ಲ ಎಂದು ಈ ಪಂಗಡವನ್ನು ಹುಟ್ಟುಹಾಕಿದ ಜಾರ್ಜ್ ಫಾಕ್ಸ್ ಸಾರಿದ. ಆ ನಂಬಿಕೆ ಶಾಲೆಯ ಬಾಗಿಲಿಗೆ ಬಂದಾಗ ಎಂಟು ವರ್ಷದ ಮಗುವಿನ ಮಾತಿಗೂ ಹೆಡ್‌ಮಾಸ್ಟರ್ ಮಾತಿನಷ್ಟೇ ತೂಕ ಬಂತು. ಕೆಲವು ಕ್ವೇಕರ್ ಶಾಲೆಗಳಲ್ಲಿ ಮಕ್ಕಳು ಶಿಕ್ಷಕರನ್ನು ಹೆಸರು ಹಿಡಿದೇ ಕರೆಯುತ್ತಾರೆ.

ಹಾಗೆಂದು ಈ ಚರಿತ್ರೆಯೆಲ್ಲ ಹೂವಿನ ಹಾಸಿಗೆಯಲ್ಲ. ಜಾನ್ ಫೋದರ್‌ಗಿಲ್ ಎಂಬ ವೈದ್ಯನ ಮುಂದಾಳತ್ವದಲ್ಲಿ 1779ರಲ್ಲಿ ಯಾರ್ಕ್‌ಷೈರ್‌ನಲ್ಲಿ ಶುರುವಾದ ಆಕ್‌ವರ್ತ್ ಶಾಲೆಯಲ್ಲಿ ಮೊದಮೊದಲು ರಜೆಯೇ ಇರಲಿಲ್ಲ. ಅಪ್ಪ ಅಮ್ಮನ ಮುಖ ಕಾಣದೆ ಮಕ್ಕಳು ವರ್ಷಗಟ್ಟಲೆ ಅಲ್ಲೇ ಇರುತ್ತಿದ್ದರು. ಮಗುವಿನ ಒಳಗಿನ ಬೆಳಕನ್ನು ನಂಬಿದವರಿಗೂ ಅದರ ಕಣ್ಣೀರು ಕಾಣಲು ಕಾಲ ಹಿಡಿಯಿತು.

ಆ ಶಾಲೆಗಾಗಿ ದುಡಿದವರಲ್ಲಿ ಯಾರ್ಕ್‌ನ ಚಹಾ ವ್ಯಾಪಾರಿ ವಿಲಿಯಂ ಟ್ಯೂಕ್ ಒಬ್ಬ. ಅವನ ಹೆಂಡತಿ ಎಸ್ತರ್ 1785ರಲ್ಲಿ ಅದೇ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಳು. 1790ರಲ್ಲಿ ಹನ್ನಾ ಮಿಲ್ಸ್ ಎಂಬ ಕ್ವೇಕರ್ ವಿಧವೆ ಯಾರ್ಕ್‌ನ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡಳು. ನೋಡಲು ಬಂದ ಸ್ನೇಹಿತರನ್ನು ಒಳಗೇ ಬಿಟ್ಟಿರಲಿಲ್ಲ. ನೊಂದ ಟ್ಯೂಕ್ 1796ರಲ್ಲಿ ‘ರಿಟ್ರೀಟ್’ ಎಂಬ ಆರೈಕೆಯ ಮನೆ ತೆರೆದ. ಅಲ್ಲಿ ಸರಪಳಿ ಇರಲಿಲ್ಲ. ಅಂಗಳದಲ್ಲಿ ಮೊಲ, ಕೋಳಿಗಳಿದ್ದವು. ಅವುಗಳೊಡನೆ ಒಡನಾಡುತ್ತ ರೋಗಿಗಳ ಮನಸ್ಸು ಹಗುರಾಗಲಿ ಎಂದು. ಮನಸ್ಸು ಕೆಟ್ಟವರನ್ನೂ ಮರ್ಯಾದೆಯಿಂದ ನಡೆಸಿಕೊಳ್ಳಬೇಕು ಎಂದವರೂ ಮಕ್ಕಳಿಗೆ ಶಾಲೆ ಕಟ್ಟಿದವರೂ ಒಂದೇ ಮನೆಯವರು ಎಂಬುದು ಆಕಸ್ಮಿಕವಲ್ಲ.

ಮಕ್ಕಳ ಜಗಳಗಳನ್ನು ನಿಭಾಯಿಸುವ ರೀತಿಯಲ್ಲೂ ಎಲ್ಲರನ್ನೂ ಮರ್ಯಾದೆಯಿಂದ ಕಾಣುವ ಈ ಗುಣ ಇಣುಕುತ್ತದೆ. ನ್ಯೂಯಾರ್ಕಿನ ಕ್ವೇಕರರು 1972ರಲ್ಲಿ, ಮಕ್ಕಳು ತಮ್ಮ ತಕರಾರನ್ನು ತಾವೇ ಬಗೆಹರಿಸಿಕೊಳ್ಳುವುದನ್ನು ಕಲಿಸುವ ಕಾರ್ಯಕ್ರಮ ಶುರುಮಾಡಿದರು. ಇಂಥ ಕಲಿಕೆಯಲ್ಲಿ ‘ತಪ್ಪು ಯಾರದ್ದು?’ ಎಂಬುದು ಮೊದಲ ಪ್ರಶ್ನೆಯಲ್ಲ. ಏನಾಯಿತು, ಆಗ ನಿನಗೆ ಹೇಗನ್ನಿಸಿತು, ಈಗ ಏನಾಗಬೇಕು ಎಂದು ಕೇಳುತ್ತಾರೆ. ಒಬ್ಬ ಹೇಳುವಾಗ ಇನ್ನೊಬ್ಬ ಸುಮ್ಮನೆ ಕೇಳಬೇಕು. ಮೌನದಲ್ಲಿ ಕೂತು ಅಭ್ಯಾಸವಾದ ಮಕ್ಕಳಿಗೆ ಇದು ಅಷ್ಟು ಕಷ್ಟವಾಗಲಾರದು.

ಹಾಗೆಂದು ಮೌನವೇ ಎಲ್ಲಕ್ಕೂ ಮದ್ದಲ್ಲ. ಖಿನ್ನತೆಗೆ ಜಾರಿದ ಮಗುವಿಗೆ ಆಪ್ತಸಮಾಲೋಚಕರು ಬೇಕು, ಕೆಲವೊಮ್ಮೆ ವೈದ್ಯರೂ ಬೇಕು. ಮೈಯಲ್ಲೇ ಚಡಪಡಿಕೆ ಇರುವ ಮಗುವಿಗೆ ಅರ್ಧ ಗಂಟೆ ಅಲ್ಲಾಡದೆ ಕೂರುವುದು ಹಿಂಸೆಯೇ. ಅದಕ್ಕೇ ಚಿಕ್ಕವರಿಗೆ ಕೆಲವೇ ನಿಮಿಷ ಸಾಕು. ಇಂಥ ಬಹುತೇಕ ಶಾಲೆಗಳ ಶುಲ್ಕ ದುಬಾರಿ ಎಂಬುದನ್ನೂ ಮರೆಮಾಚಬೇಕಿಲ್ಲ.

ಕಷ್ಟದಲ್ಲಿರುವವರನ್ನು ನೆನೆಯುವುದಕ್ಕೆ ಕ್ವೇಕರರಲ್ಲಿ ಒಂದು ಮಾತಿದೆ: ‘ಬೆಳಕಿನಲ್ಲಿ ಹಿಡಿದುಕೊಳ್ಳುವುದು’. ಹುಷಾರಿಲ್ಲದ ಅಜ್ಜಿಗಾಗಿ ಆ ಕೋಣೆ ಮಾಡುವುದೂ ಅದನ್ನೇ. ಸಮಯವಾದಾಗ ಗಂಟೆ ಹೊಡೆಯುವುದಿಲ್ಲ. ಇಬ್ಬರು ಕೈ ಕುಲುಕುತ್ತಾರೆ, ಆಮೇಲೆ ಎಲ್ಲರೂ ಅಕ್ಕಪಕ್ಕದವರ ಕೈ ಹಿಡಿಯುತ್ತಾರೆ. ಅಜ್ಜಿಯ ಸುದ್ದಿ ಹೇಳಿದ ಮಗುವಿನ ಕೈಯೂ ಯಾರದೋ ಅಂಗೈಯಲ್ಲಿ ಒಂದು ಗಳಿಗೆ ಇರುತ್ತದೆ. ನಂತರ ಬೆಂಚು ಸರಿಸುವ ಸದ್ದು, ಗದ್ದಲ, ಮುಂದಿನ ತರಗತಿ.